ಕೇಳ್ರಿ, ಹೇಳ್ತೀವಿ: ಹಾಡಿದಾಕಿ ಹೆಸರು ಎಲ್ಲಿ ಹೋತು?

ಈ ಸಲ ಬಂದ ಪ್ರಶ್ನೆ ಎಲ್ಲಾ ಹಾಡಿನ ಮ್ಯಾಲೇ ಅದಾವು, ಅದಕ್ಕ ಹೊಲದ್ದು ದನದ್ದು ಪ್ರಶ್ನೆ ಮುಂದಿನ ಸಲಕ್ಕ ಇಟ್ಟೀವಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಪ್ರಶ್ನೆ: ಹಳೇ ಸಾಮಾನಿನ ಅಂಗಡಿಯಾಗ ಒಂದು ಎಲ್‌ಪಿ (ಗ್ರಾಮೋಫೋನ್ ತಟ್ಟಿ) ಸಿಕ್ತು, ಮ್ಯಾಲ ಕಿಂಗ್‌ಸ್ಟನ್ ಟ್ರಯೋ ಅಂತ ಐತಿ. ಇವರು ಜಾನಪದ ಹಾಡಿ ಅಮೆರಿಕದಾಗ ನಂಬರ್ ಒನ್ ಆಗಿದ್ರು ಅಂತಾನ ನನ್ನ ಮಗ. ಖರೇ ಏನ್ರಿ?
(ಬಳ್ಳಾರಿಯ ಓದುಗರು)

ಖರೇ ಐತ್ರಿ. ಡೇವ್ ಗಾರ್ಡ್, ಬಾಬ್ ಶೇನ್, ನಿಕ್ ರೆನಾಲ್ಡ್ಸ್ ಅಂತ ಮೂರು ಮಂದಿ, ಕ್ಯಾಲಿಫೋರ್ನಿಯಾದಾಗ ಪಟ್ಟಿಪಟ್ಟಿ ಅಂಗಿ ಹಾಕ್ಕೊಂಡು ಗಿಟಾರು ಬ್ಯಾಂಜೋ ಹಿಡಿದು ಹಾಡ್ತಿದ್ರು, 1958ರಾಗ ಕ್ಯಾಪಿಟಲ್ ಕಂಪನಿ ಅವರ ಮೊದಲ್ನೇ ಎಲ್‌ಪಿ ತಂತು. ಅದರಾಗ 'ಟಾಮ್ ಡೂಲಿ' ಅನ್ನೋದು ಹನ್ನೆರಡರಾಗ ಒಂದು ಹಾಡು ಅಷ್ಟ, ಕಂಪನಿಯವರೂ ಅದನ್ನ ಅಂಥಾ ದೊಡ್ಡದು ಅಂತ ತಿಳ್ಕೊಂಡಿರ್ಲಿಲ್ಲ. ಸಾಲ್ಟ್ ಲೇಕ್ ಸಿಟಿ ರೇಡಿಯೋದವ್ರು ಅದನ್ನ ಹಾಕಿದ್ದೇ ಹಾಕಿದ್ದು, ಮಂದಿ ಕೇಳಿದ್ದೇ ಕೇಳಿದ್ದು, ಕಡೀಕೆ ಅದೊಂದನ್ನೇ ಸಿಂಗಲ್ ಮಾಡಿ ಬಿಟ್ರು, ನವೆಂಬರ್‌ನಾಗ ಬಿಲ್‌ಬೋರ್ಡ್ ಪತ್ರಿಕೆಯ ಹಾಡಿನ ಪಟ್ಟಿಯಾಗ ನಂಬರ್ ಒನ್, ಮಾರಿದ್ದು 30 ಲಕ್ಷಕ್ಕೂ ಮ್ಯಾಲ. ಮುಂದಿನ ವರ್ಷದ ಕಡೀಗೆ ಅವರವೇ ನಾಕು ಎಲ್‌ಪಿ ಒಮ್ಮೆಲೇ ಟಾಪ್ ಟೆನ್‌ನಾಗ ಕುಂತಿದ್ವು! ನಗೋ ಮಾತು ಅಂದ್ರ 1959ರಾಗ ಗ್ರ್ಯಾಮಿ ಅನ್ನೋ ಅಲ್ಲಿನ ಸಂಗೀತ ಪ್ರಶಸ್ತಿ ಮೊದಲ್ನೇ ಸಲ ಕೊಡೋವಾಗ ಜಾನಪದಕ್ಕ ಅಂತ ಖಾನೆನೇ ಇರ್ಲಿಲ್ಲ, ಕಂಟ್ರಿ ಅಂಡ್ ವೆಸ್ಟರ್ನ್ ಅನ್ನೋ ಖಾನೆಯೊಳಗ ಇವರನ್ನ ತುರುಕಿ ಪ್ರಶಸ್ತಿ ಕೊಟ್ರು, ಮುಂದಿನ ಸಲ ಜಾನಪದಕ್ಕ ಬ್ಯಾರೆ ಖಾನೆ ಮಾಡಿದ್ರು, ಅದನ್ನೂ ಇವರೇ ಹೊತ್ಕೊಂಡು ಹೋದ್ರು.

ಇವರಿಗಿಂತ ಮುಂಚೆನೂ ಒಂದು ತಂಡ ಇತ್ತು, ದಿ ವೀವರ್ಸ್ ಅಂತ. 1950ರಾಗ ಅವರ 'ಗುಡ್‌ನೈಟ್ ಐರೀನ್' 13 ವಾರ ನಂಬರ್ ಒನ್. ಆ ಹಾಡು ಅವರಿಗೆ ಬಂದದ್ದು ಲೆಡ್ ಬೆಲ್ಲಿ ಅನ್ನೋ ಕರಿಯ ಹಾಡುಗಾರನ ಬಾಯಿಂದ. ಆತ 1949ರ ಡಿಸೆಂಬರ್‌ನಾಗೇ ತೀರ್ಕೊಂಡಿದ್ದ, ತನ್ನ ಹಾಡು ಊರೆಲ್ಲಾ ಮೊಳಗಿದ್ದು ಆತ ಕೇಳ್ಲೇ ಇಲ್ಲ. ಎಲ್‌ಪಿ ಗೀರು ಬಿದ್ದಿಲ್ಲ ಅಂದ್ರ ಮಾರಬ್ಯಾಡ್ರಿ ಮತ್ತ.

ಪ್ರಶ್ನೆ: ನಮ್ಮ ಅಮ್ಮ ಬೀಸೋಕಲ್ಲಿನ ಪದ ಹಾಡಿದ್ದು ಮೊಬೈಲ್‌ನಾಗ ಹಿಡಿದು ಹಾಕಿದ್ದೆ ಸರ್. ಯಾವುದೋ ಚಾನೆಲ್‌ನವರು ಅದಕ್ಕ ಡಿಜೆ ಬಡಿತ ಸೇರಿಸಿ ತಮ್ಮ ಹೆಸರಿಗೆ ಹಾಕ್ಕೊಂಡಾರ, ಲಕ್ಷಗಟ್ಟಲೆ ಜನ ನೋಡ್ಯಾರ. ಈಗ ನನ್ನ ವಿಡಿಯೋಕ್ಕೇ ಕಾಪಿರೈಟ್ ಅಂತ ನೋಟಿಸ್ ಬಂದೈತಿ. ಕೇಳಿದ್ರ "ಜಾನಪದ ಯಾರಪ್ಪನ ಮನೀದು" ಅಂತಾರ.
(ಸಿಂಧನೂರು ಕಡೆಯ ತಂಗಿ)

ತಂಗಿ, ಮ್ಯಾಲ ಟಾಮ್ ಡೂಲಿ ಕತಿ ಹೇಳಿದೆ ನೋಡು, ಅದರ ಉಳಿದರ್ಧ ನಿನಗ ಅಂತ ಇಟ್ಟೀನಿ. 1868ರಾಗ ನಾರ್ತ್ ಕೆರೊಲಿನಾದಾಗ ಟಾಮ್ ಡ್ಯೂಲಾ (ಹಾಡಿನಾಗಿನ ಡೂಲಿ ಇವನೇ) ಅನ್ನೋನ್ನ ಕೊಲೆ ಕೇಸಿನಾಗ ಗಲ್ಲಿಗೆ ಹಾಕಿದ್ರು, ಆ ಸೀಮಿ ಮಂದಿ ಅದನ್ನ ಪದ ಕಟ್ಟಿ ಹಾಡ್ಕೊಂಡು ಬಂದ್ರು. ಅಲ್ಲಿ ಫ್ರಾಂಕ್ ಪ್ರಾಫಿಟ್ ಅಂತ ಒಬ್ಬ ರೈತ, ತಂಬಾಕು ಬೆಳೀತಿದ್ದ, ಕೈಯಾರೆ ಬ್ಯಾಂಜೋ ಮಾಡ್ತಿದ್ದ, ಮನೀ ಹಿರೇರಿಂದ ಕಲ್ತ ಆ ಪದಾನ 1938ರಾಗ ಫ್ರಾಂಕ್ ವಾರ್ನರ್ ಅನ್ನೋ ಹಾಡು ಕೂಡಿಸೋ ಮನುಷ್ಯಾಗ ಹಾಡಿ ತೋರ್ಸಿದ. ವಾರ್ನರ್‌ನಿಂದ ಅಲನ್ ಲೋಮ್ಯಾಕ್ಸ್ ಅನ್ನೋ ಇನ್ನೊಬ್ಬ ಹಾಡು ಕೂಡಿಸೋನ ಪುಸ್ತಕಕ್ಕ ಹೋತು, ಹಂಗೇ ಕೈಯಿಂದ ಕೈಗೆ ದಾಟಿ ಮೂರು ಹುಡುಗರ ಹತ್ರ ಬಂತು. 20 ವರ್ಷ ಆದ್ಮ್ಯಾಲ ಪ್ರಾಫಿಟ್ ಟೀವಿ ಮುಂದ ಕುಂತಾಗ ತನ್ನ ಮನೀ ಪದ ಯಾರೋ ಹಾಡಾಕತ್ತಾರ! ಕೋರ್ಟು ಕಚೇರಿ ಆಗಿ 1962ರಾಗ ರಾಜಿ ಆತು, ರಾಯಲ್ಟಿಯಾಗ ಪಾಲು ಬರೋಹಂಗ ಆತು, ಅಷ್ಟೊತ್ತಿಗೆ ಸುಗ್ಗಿ ಮುಗಿದು ಕಣ ಖಾಲಿ ಆಗಿತ್ತು ಅನ್ನು. ಆತ 1965ರಾಗ ಹೋದ.

ನಮ್ಮಲ್ಲಿ ಹೆಂಗಪ್ಪಾ ಅಂದ್ರ, ಹಳೇ ಪದಕ್ಕ ಯಾರೂ ವಾರಸುದಾರರಿಲ್ಲ, ಆ ಚಾನೆಲ್‌ನವರು ಬ್ಯಾರೆ ಯಾರನ್ನರ ಕರ್ಕೊಂಡು ಬಂದು ಹೊಸದಾಗಿ ಹಾಡಿಸಿದ್ರ ಕೇಳಂಗಿಲ್ಲ. ಆದ್ರ ನಿಮ್ಮಮ್ಮನ ದನಿ ಐತಲ್ಲ, ಅದು ನಿಮ್ಮಮ್ಮಂದು. 1957ರ ಕಾಪಿರೈಟ್ ಕಾಯ್ದೆಯ 38ನೇ ಕಲಮಿನಾಗ ಹಾಡಿದೋರ ಹಕ್ಕು ಅಂತ ಬ್ಯಾರೆ ಐತಿ, 50 ವರ್ಷ ನಡೀತೈತಿ, ನೀನು ಹಿಡಿದ ರೆಕಾರ್ಡಿಂಗಿಗೂ 60 ವರ್ಷದ ಹಕ್ಕು ಐತಿ. ಅದಕ್ಕ ಆ ನೋಟಿಸಿಗೆ ಸುಮ್ನ ಕುಂದ್ರಬ್ಯಾಡ, ಡಿಸ್ಪ್ಯೂಟ್ (ತಕರಾರು) ಹಾಕು. ಮೊಬೈಲ್‌ನಾಗಿನ ಮೂಲ ಫೈಲು ಅಳಿಸಬ್ಯಾಡ, ಅದರ ತಾರೀಕೇ ನಿನ್ನ ಸಾಕ್ಷಿ.

ಇನ್ನೊಂದು, ಇದು ನನ್ನ ಹಳೇ ಸಿಟ್ಟು. ಕ್ಯಾಸೆಟ್ ಕಾಲದಾಗ ಗಂಗಾವತಿ ಬಸ್‌ಸ್ಟ್ಯಾಂಡ್ ಹತ್ರ ಕ್ಯಾಸೆಟ್ ತಗೊಂಡು ಒಳಗಿನ ಚೀಟಿ ಬಿಚ್ಚಿದ್ರ ಸಂಗೀತ ಯಾರು, ತಬಲಾ ಯಾರು, ಫೋಟೋ ಯಾರು ತಗದಿದ್ದು ಎಲ್ಲಾ ಇರ್ತಿತ್ತು, ಸಾಹಿತ್ಯ ಅನ್ನೋ ಮುಂದ ಮಾತ್ರ "ಜಾನಪದ" ಅಂತ ಒಂದೇ ಪದ. ಆ ಪದ ಯಾವ ಊರಾಗ ಯಾವ ಮುದುಕಿ ಹಾಡಿ ಕೊಟ್ಲು ಅನ್ನೋದು ಬರೀಲಿಕ್ಕೆ ಒಂದು ಸಾಲು ಜಾಗ ಇರ್ಲಿಲ್ಲೇನು ಚೀಟಿಯೊಳಗ? ನೀನು ಹಂಗ ಮಾಡಬ್ಯಾಡ, ವಿಡಿಯೋದ ಮೊದಲ್ನೇ ಸಾಲಿನಾಗೇ ಅಮ್ಮನ ಹೆಸರು ಊರು ಹಾಕು, ಅವ್ರಿಗೆ ಆ ಪದ ಯಾರಿಂದ ಬಂತು ಅದನ್ನೂ ಹಾಕು.

ಮತ್ತ ಹಿಡಿಯೋವಾಗ ಫ್ಯಾನ್ ಬಂದ್ ಮಾಡು. ನಮ್ಮ ಅಜ್ಜಿದು ಒಮ್ಮೆ ಹಿಡಿಯಾಕ ಹೋಗಿದ್ದೆ, ಕುರ್ಚಿ ಮ್ಯಾಲ ಕುಂದ್ರಿಸಿ ಹಾಡು ಅಂದ್ರ ಎರಡ್ನೇ ನುಡಿಗೇ ಮರ್ತಳು, ಮೂರು ಸಲ ಹಂಗೇ ಆತು. ಆಮ್ಯಾಲ ತಾನೇ ಎದ್ದು ಹೋಗಿ ಮೊರದಾಗ ಜ್ವಾಳ ಹಾಕ್ಕೊಂಡು ಬಂದು ಕೇರಕ್ಕ ಕುಂತಳು ನೋಡು, ಹನ್ನೆರಡು ನುಡಿ ತಡಿಲಾರದ ಬಂದ್ವು. ಕೈ ಖಾಲಿ ಇದ್ರ ಪದ ಬರಂಗಿಲ್ಲ. ಜ್ವಾಳದ ಸಪ್ಪಳ ರೆಕಾರ್ಡಿನಾಗ ಬರ್ತೈತಿ, ಬರ್ಲಿ ಬಿಡು.

ಪ್ರಶ್ನೆ: ನಮ್ಮ ಕನ್ನಡ ಜಾನಪದ ಯಾವುದಾದ್ರೂ ಹೊರದೇಶದ ಚಾರ್ಟ್ ಹತ್ತೈತಾ?
(ಕೊಪ್ಪಳದ ಕಾಲೇಜು ಹುಡುಗ)

ಹತ್ತೈತಿ. ರಘು ದೀಕ್ಷಿತ್ ತಂಡದ ಮೊದಲ ಆಲ್ಬಮ್ 2008ರಾಗ ಬಂತು, ಅದರಾಗ ಶಿಶುನಾಳ ಶರೀಫರ 'ಗುಡುಗುಡಿಯಾ ಸೇದಿ ನೋಡೋ', 'ಸೋರುತಿಹುದು ಮನೆಯ ಮಾಳಿಗಿ' ಅದಾವು. 2010ರಾಗ ಬಿಬಿಸಿಯ ಜೂಲ್ಸ್ ಹಾಲೆಂಡ್ ಅನ್ನೋರ ಸಂಗೀತ ಕಾರ್ಯಕ್ರಮದಾಗ ಹಾಡಿ ಬಂದ್ಮ್ಯಾಲ ಆ ಆಲ್ಬಮ್ ಬ್ರಿಟನ್ನಿನ ಐಟ್ಯೂನ್ಸ್ ವರ್ಲ್ಡ್ ಮ್ಯೂಸಿಕ್ ಪಟ್ಟಿಯ ತುದೀಗೆ ಹೋತು. ಶರೀಫರದ್ದು ತತ್ವಪದ, ಜಾನಪದ ಅಲ್ಲ ಅಂತ ಜಗಳಕ್ಕ ಬರೋರು ಅದಾರ, ಬರ್ಲಿ, ಹೆಸರರ ಉಳಿದೈತಲ್ಲ, ಕಡೀ ನುಡಿಯಾಗ ಶಿಶುನಾಳಧೀಶ ಅಂತ ಬರ್ತೈತಿ, ಯಾರೂ ಕಿತ್ತು ಹಾಕಾಕ ಬರಂಗಿಲ್ಲ.

ಆದ್ರ ಚಾರ್ಟಿಗೆ ಬೇಕಾದ್ದು ಮೂರು ನಾಕು ನಿಮಿಷದ ಹಾಡಪ್ಪ. ನಮ್ಮ ಸಂಡೂರು ತಾಲೂಕಿನ ದರೋಜಿ ಈರಮ್ಮ, 2014ರಾಗ ತೀರ್ಕೊಂಡ್ರಲ್ಲ, ಬುರ್ರಕತಿ ಹೇಳೋರು, ಅಕ್ಷರ ಕಲಿತೋರಲ್ಲ, 12 ಕಾವ್ಯ ಬಾಯಾಗಿದ್ವು, ಬರೆದು ಇಟ್ರ ಸುಮಾರು 7000 ಪುಟ. ಒಂದು ಕತಿ ಶುರು ಮಾಡಿದ್ರ ರಾತ್ರಿಯೆಲ್ಲಾ ನಡೀತಿತ್ತು. ಅದನ್ನ ಯಾವ ಪಟ್ಟಿಯಾಗ ಎಷ್ಟನೇ ನಂಬರಿಗೆ ಹಾಕ್ತೀ ನೀನೇ ಹೇಳು.