ಆಫೀಸಿನ ಗೆಳತಿಯ ಸೀಮಂತಕ್ಕೆ ಏನು ಒಯ್ಯಲಿ? ಮಗುವಿಗೆ ಈಗಲೇ ಬಟ್ಟೆ ಕೊಡಬಹುದಾ?

ನಿಮ್ಮ ಪೇಚಾಟ ಅರ್ಥವಾಯಿತು. ಮಂಡ್ಯದ ಛತ್ರದಲ್ಲಿ ಸೀಮಂತ. ವಾಟ್ಸಾಪ್‌ನಲ್ಲಿ ಬಂದ ಕರೆಯೋಲೆಯ ಕೆಳಗೆ ‘ಆಶೀರ್ವಾದವೇ ಉಡುಗೊರೆ’ ಎಂದಿದೆ. ಆಮೇಲೆ ಗೆಳತಿಯ ತಂಗಿ ಅದೇ ಗ್ರೂಪಿಗೆ ಆನ್‌ಲೈನ್ ಅಂಗಡಿಯ ಪಟ್ಟಿ ಹಾಕಿದ್ದಾಳೆ: ತಳ್ಳುಗಾಡಿ, ತೊಟ್ಟಿಲು, ಹಾಲಿನ ಬಾಟಲಿ ಸೆಟ್. ಒಬ್ಬರು ಕವರ್ ಕೊಟ್ಟು ಬನ್ನಿ ಅಂತಾರೆ, ಇನ್ನೊಬ್ಬರು ಮಗುವಿನ ಬಟ್ಟೆ ಮಾತ್ರ ಒಯ್ಯಬೇಡಿ ಅಂತಾರೆ. ಇದರ ಮೇಲೆ, ನಿಮಗೆ ಮಕ್ಕಳಿಲ್ಲ, ಆರತಿಗೆ ಕರೆದರೆ ಏಳುವುದೋ ಬೇಡವೋ ಎಂಬ ಅಳುಕು. ನನ್ನ ತವರು ಮಂಡ್ಯ ಕಡೆ, ಸೇರಿದ ಮನೆ ಮೈಸೂರು. ನಮ್ಮ ಕಡೆ ನಡೆಯುವುದನ್ನು ಹೇಳುತ್ತೇನೆ.

ಆ ದಿನ ಕೊಡುವುದು ಬಸುರಿಗೆ. ಮಗುವಿನ ಸಾಮಾನು ಮಗು ಬಂದ ಮೇಲೆ. ಇಷ್ಟು ಇಟ್ಟುಕೊಂಡರೆ ಮುಕ್ಕಾಲು ಗೊಂದಲ ಕಳೆಯುತ್ತದೆ.

ಎಷ್ಟೋ ಮನೆಗಳಲ್ಲಿ ಹೆರಿಗೆಗೆ ಮೊದಲು ಒಂದು ಜಬ್ಲಾ ಕೂಡ ತರುವುದಿಲ್ಲ. ಹುಟ್ಟಿದ ಮಗುವಿಗೆ ಮೊದಲು ಸುತ್ತುವುದು ಒಗೆದು ಒಗೆದು ಮೆತ್ತಗಾದ ಹಳೇ ಹತ್ತಿ ಬಟ್ಟೆ. ನಿಮಗೆ ನಂಬಿಕೆ ಇದೆಯೋ ಇಲ್ಲವೋ, ಅದು ಬೇರೆ ಮಾತು. ಆ ಮನೆಯ ಅಜ್ಜಿಯ ಎದೆಬಡಿತ ಹೆಚ್ಚಿಸುವ ಕೆಲಸ ನಮಗ್ಯಾಕೆ, ಅಲ್ವಾ?

ಹಾಗಾದರೆ ಏನು ಒಯ್ಯುವುದು? ‘ಉಡುಗೊರೆ ಬೇಡ’ ಅಂದವರೂ ಹೂವು ಹಣ್ಣನ್ನು ಬೇಡ ಅನ್ನುವುದಿಲ್ಲ, ಅದು ಉಡುಗೊರೆಯ ಲೆಕ್ಕಕ್ಕೇ ಬರುವುದಿಲ್ಲ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಒಂದು ಮಾರು ಮಲ್ಲಿಗೆ, ಒಂದಷ್ಟು ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ, ಒಂದು ರವಿಕೆ ಕಣ, ಹಸಿರು ಗಾಜಿನ ಬಳೆ. ಮಡಿಲು ತುಂಬಲು ಇಷ್ಟು ಧಾರಾಳವಾಯಿತು.

ಬಳೆ ವಿಷಯದಲ್ಲಿ ಸ್ವಲ್ಪ ಹುಷಾರು. ಅಂಗಡಿಯಲ್ಲಿ ಕೇಳಿದ ತಕ್ಷಣ ಎರಡು-ನಾಲ್ಕರ ಅಳತೆ ಕೊಡುತ್ತಾರೆ. ಏಳನೇ, ಒಂಬತ್ತನೇ ತಿಂಗಳಿಗೆ ಎಷ್ಟೋ ಜನರ ಕೈ ಊದಿರುತ್ತದೆ. ಹೆಬ್ಬೆರಳಿನ ಬುಡದಲ್ಲಿ ಬಳೆ ಸಿಕ್ಕಿಕೊಳ್ಳುತ್ತದೆ. ಒಬ್ಬರು ಕೈ ಹಿಂಡುತ್ತಾರೆ, ಇನ್ನೊಬ್ಬರು ಸೋಪು ತರಲು ಓಡುತ್ತಾರೆ, ಆ ಹುಡುಗಿ ಫೋಟೋಕ್ಕೆ ನಗುತ್ತಾ ಹಲ್ಲು ಕಚ್ಚಿ ಕೂತಿರುತ್ತಾಳೆ. ಅಷ್ಟರಲ್ಲಿ ಒಂದು ಬಳೆ ಚಟ್ ಅಂದರೆ ಮುಗಿಯಿತು, ಹಿರಿಯರ ಮುಖವೆಲ್ಲ ಕಪ್ಪಿಡುತ್ತದೆ. ಎರಡು-ಆರು ತೆಗೆದುಕೊಳ್ಳಿ, ಕೈ ದಪ್ಪ ಇದ್ದರೆ ಎರಡು-ಎಂಟು. ಸಡಿಲ ಇದ್ದರೆ ಯಾರಿಗೂ ನೋವಿಲ್ಲ.

ಇನ್ನೂ ಏನಾದರೂ ಕೊಡಲೇಬೇಕು ಅನಿಸಿದರೆ ಮುಂದೆ ಜಿಪ್ ಇರುವ ಹತ್ತಿ ನೈಟಿ ಎರಡು ಕೊಡಿ. ಬಾಣಂತನದಲ್ಲಿ ಹಾಲೂಡಿಸಲು ಅದೇ ಅನುಕೂಲ. ಜರಿ ಸೀರೆ ತವರಿನವರು, ಅತ್ತೆ ಮನೆಯವರು ಕೊಟ್ಟೇ ಕೊಡುತ್ತಾರೆ. ಕೆಜಿಗಟ್ಟಲೆ ಸ್ವೀಟ್ ಬಾಕ್ಸ್ ಬೇಡ. ಬಸುರಿನಲ್ಲಿ ಶುಗರ್ ಬಂದಿರುವವರು ಈಗ ಬೇಕಾದಷ್ಟು, ಅದನ್ನು ಹೇಳಿಕೊಂಡು ತಿರುಗುವುದಿಲ್ಲ ಅಷ್ಟೆ.

ಕವರ್ ಕೊಡಬಹುದಾ ಅಂದರೆ, ಕೊಡಬಹುದು. ಆದರೆ ಮಂಡ್ಯ ಕಡೆ ಅದಕ್ಕೊಂದು ಹಿಂದುಮುಂದು ಇದೆ. ಮುಯ್ಯಿ ಅಂದರೆ ಲೆಕ್ಕದ ವ್ಯವಹಾರ. ಮದುವೆಮನೆಯಲ್ಲಿ ಒಬ್ಬರು ಪುಸ್ತಕ ಹಿಡಿದು ಹೆಸರು, ಊರು, ಮೊತ್ತ ಬರೆದುಕೊಳ್ಳುತ್ತಾರೆ. ನಾಳೆ ನಿಮ್ಮ ಮನೆಯ ಕಾರ್ಯಕ್ಕೆ ಆ ಪುಸ್ತಕ ತೆಗೆದು ನೋಡಿ, ಅಷ್ಟಕ್ಕೆ ಸ್ವಲ್ಪ ಸೇರಿಸಿಯೇ ಹಾಕುತ್ತಾರೆ. ನೀವು ಪ್ರೀತಿಯಿಂದ 5,001 ಹಾಕಿದರೆ ಅದು ಅವರ ತಲೆ ಮೇಲೆ ಕೂತ ಸಾಲ. 501 ಸಾಕು. ಅದಕ್ಕಿಂತ ಹೆಚ್ಚು ಮಾಡುವ ಆಸೆ ಇದ್ದರೆ ಆಫೀಸಿನವರೆಲ್ಲ ಸೇರಿ ಒಂದೇ ಕವರ್ ಮಾಡಿ, ಹೆಸರಿನ ಜೊತೆ ಮೊತ್ತ ಬರೆಯಬೇಡಿ. (ದೊಡ್ಡ ಮೊತ್ತದ ಚಂದಾ ಎತ್ತುವವರಿಗೆ ಒಂದು ಮಾತು: ಮದುವೆ ಉಡುಗೊರೆಗಿರುವ ತೆರಿಗೆ ವಿನಾಯಿತಿ ಸೀಮಂತಕ್ಕಿಲ್ಲ. ನೆಂಟರಲ್ಲದವರಿಂದ ಬಂದದ್ದು ವರ್ಷಕ್ಕೆ ಒಟ್ಟು 50,000 ರೂಪಾಯಿ ದಾಟಿದರೆ ಅದು ಆದಾಯವೇ.)

ಪಟ್ಟಿ ಕಳಿಸಿದ್ದು ಸರೀನಾ? ಆಪ್ತ ಗೆಳತಿಯರ ನಡುವೆ ತಪ್ಪೇನಿಲ್ಲ, ಒಂದೇ ಸಾಮಾನು ನಾಲ್ಕು ಬರುವುದು ತಪ್ಪುತ್ತದೆ. ಆದರೆ ಕೇಳಿದವರಿಗೆ ಮಾತ್ರ ಕಳಿಸಬೇಕು. ಇಡೀ ಗ್ರೂಪಿಗೆ ಹಾಕಿದರೆ ವಸೂಲಿಗೆ ಇಳಿದ ಹಾಗೆ ಕಾಣುತ್ತದೆ, ಅದೂ ‘ಆಶೀರ್ವಾದ ಸಾಕು’ ಅಂದ ಮೇಲೆ. ತಂಗಿಯ ಉತ್ಸಾಹ ಇರಬೇಕು, ಬಿಡಿ. ನೀವು ನೋಡಲಿಲ್ಲ ಅಂತ ಸುಮ್ನಿದ್ದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಪಟ್ಟಿಯಿಂದಲೇ ತರುವುದಾದರೆ ಮೊದಲು ಬಾಣಂತನ ಎಲ್ಲಿ ಅಂತ ಕೇಳಿ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿ ಮೂರೋ ಐದೋ ತಿಂಗಳು ಅಲ್ಲೇ ಇರುತ್ತಾರೆ. ತಾಯಿ ಮಗು ಮಂಡ್ಯದಲ್ಲಿ, ತೊಟ್ಟಿಲು ಮೈಸೂರಿನ ಫ್ಲಾಟಿನಲ್ಲಿ ಅಂತಾದರೆ ಏನು ಬಂತು? ಬಾಟಲಿ ಸೆಟ್ ಅಂತೂ ಕೊಡಬೇಡಿ. ಮೊದಲ ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಾಲಿನ ಪುಡಿ, ಬಾಟಲಿಗಳ ಜಾಹೀರಾತನ್ನು ನಮ್ಮ ದೇಶದಲ್ಲಿ 1992ರ ಕಾಯ್ದೆಯೇ ತಡೆದಿದೆ. ಯಾರಿಗಾದರೂ ಬೇಕಾದರೆ ಡಾಕ್ಟರ್ ಹೇಳಿದ ಮೇಲೆ ಅವರೇ ತರುತ್ತಾರೆ.

ಈಗ ಆರತಿ ವಿಷಯ. ನಿಮ್ಮ ಅಳುಕು ನಿಮ್ಮ ತಪ್ಪಲ್ಲ. ‘ಮಕ್ಕಳಾದವರು ಬನ್ನಿ’ ಅಂತ ಮೈಕಿನಲ್ಲಿ ಕೂಗುವ ಅತ್ತೆಯಂದಿರು ಇನ್ನೂ ಇದ್ದಾರೆ. ಗಂಡ ಇಲ್ಲದವರನ್ನು ಊಟದ ಹಾಲಿಗೆ ಸಾಗಿಸುವವರೂ ಇದ್ದಾರೆ. ನನ್ನ ಪ್ರಕಾರ ಉಡುಗೊರೆ ಹೆಚ್ಚು ಕಡಿಮೆ ಆಗುವುದಕ್ಕಿಂತ ಇದು ನೂರು ಪಾಲು ಕೆಟ್ಟ ನಡವಳಿಕೆ. ಕರೆದವರು ಕರೆಸಿಕೊಂಡವರನ್ನೆಲ್ಲ ಒಂದೇ ಸಮ ಕೂರಿಸಬೇಕು. ಗೆಳತಿ ನಿಮ್ಮನ್ನು ಹೆಸರು ಹಿಡಿದು ಕರೆದರೆ ಎದ್ದು ಹೋಗಿ ಅರಿಶಿನ ಕುಂಕುಮ ಹಚ್ಚಿ, ಬಳೆ ತೊಡಿಸಿ. ಅಂದು ಮನಸ್ಸು ಭಾರ ಅನಿಸಿದರೆ ಹೋಗದಿದ್ದರೂ ಸರಿ. ಮುಂಚೆಯೇ ಫೋನ್ ಮಾಡಿ ‘ಬರಕ್ಕಾಗಲ್ಲ ಕಣೇ’ ಅಂದರೆ ಸಾಕು, ಕಾರಣ ಹೇಳಬೇಕಿಲ್ಲ. ಯಾರಾದರೂ ‘ನಿಂದ್ಯಾವಾಗ?’ ಅಂದರೆ ‘ಊಟ ಆಯ್ತಾ?’ ಅಂತ ಕೇಳಿ ಎಲೆ ಹತ್ತಿರ ನಡೆಯಿರಿ. ಐದು ಬಗೆಯ ಅನ್ನ ಕಾಯುತ್ತಿರುತ್ತದೆ.

ಇನ್ನೊಂದು, ನೀವು ಕೇಳದಿದ್ದರೂ. ಈಗ ಛತ್ರಗಳಲ್ಲಿ ‘ಗಂಡಾ ಹೆಣ್ಣಾ’ ಅಂತ ಗುಲಾಬಿ, ನೀಲಿ ಬೋರ್ಡ್ ಇಟ್ಟು ಆಟ ಆಡಿಸುತ್ತಾರೆ. ಹುಟ್ಟುವ ಮೊದಲು ಲಿಂಗ ಹೇಳುವುದು 1994ರ ಕಾಯ್ದೆಯಲ್ಲಿ ಅಪರಾಧ. ಮಂಡ್ಯ ಜಿಲ್ಲೆಯಲ್ಲೇ ಆಲೆಮನೆಯೊಳಗೆ ಸ್ಕ್ಯಾನಿಂಗ್ ಮಷೀನ್ ಇಟ್ಟುಕೊಂಡು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ 2023ರಲ್ಲಿ ಸಿಕ್ಕಿಬಿತ್ತು. ಅದೇ ಊರಲ್ಲಿ ಕೂತು ಹೊಟ್ಟೆಯ ಆಕಾರ ನೋಡಿ ‘ಗಂಡೇ ಕಣ್ರೀ’ ಅನ್ನುವ ಆಟಕ್ಕೆ ನಾನಂತೂ ಕೈ ಎತ್ತುವುದಿಲ್ಲ. ನೀವೂ ನೀಲಿ ಗುಲಾಬಿ ಬಿಟ್ಟು ಹಳದಿಯದೋ ಹಸಿರಿನದೋ ಕಾಗದ ಸುತ್ತಿ.

ಹೊರಡುವಾಗ ಕೊಡುವ ತಾಂಬೂಲ ಬೇಡ ಅನ್ನಬೇಡಿ, ಒಳಗೆ ಪ್ಲಾಸ್ಟಿಕ್ ಡಬ್ಬಿ ಇದ್ದರೂ.

ಮಗುವಿಗೆ ಅಂತ ಎತ್ತಿಟ್ಟ ಆಸೆಯನ್ನು ಆಮೇಲೆ ತೀರಿಸಿಕೊಳ್ಳಿ. ಹೆರಿಗೆ ಸುದ್ದಿ ಬಂದ ಕೂಡಲೇ ಆಸ್ಪತ್ರೆಗೆ ಓಡಬೇಡಿ. ಪುರುಡು ಕಳೆದು, ಹೆಸರಿಡುವ ದಿನಕ್ಕೋ ಅದರ ನಂತರವೋ, ಫೋನ್ ಮಾಡಿ ಹೋಗಿ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗಿಲಕಿ ಒಳ್ಳೆಯದು. ಬಟ್ಟೆ, ಡಯಾಪರ್ ಆದರೆ ಹುಟ್ಟಿದ ಮಗುವಿನ ಅಳತೆಯದು ಬೇಡ, ಒಂದೆರಡು ಸೈಜ್ ದೊಡ್ಡದು ತೆಗೆದುಕೊಳ್ಳಿ. ಬಿಲ್ಲನ್ನು ಕವರಿನಲ್ಲೇ ಬಿಡಿ, ಬೇಕಾದರೆ ಅವರೇ ಬದಲಾಯಿಸಿಕೊಳ್ಳಲಿ.