ಹೊಸಂಗಡಿಯಲ್ಲಿ ಟೈಂಪಾಸ್ ಹೇಗೆ ಅಂತ ಕೇಳಿದ್ಯಲ್ಲ

ಮೊನ್ನೆ ಕ್ಯಾಂಟೀನಿನಲ್ಲಿ ನೀನು ಕೇಳಿದೆ: "ನೀನು ಕೇರಳದವನು, ಆದ್ರೂ ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀಯ! ಎಲ್ಲಿ ಕಲಿತೆ?" ಹೊಗಳುವ ಮನಸ್ಸಿನಿಂದಲೇ ಕೇಳಿದ್ದು, ಗೊತ್ತು. ಅದರ ಬೆನ್ನಿಗೇ ಇನ್ನೊಂದು ಬಂತು. "ನಿಮ್ಮ ಹೊಸಂಗಡಿಯಲ್ಲಿ ಬರೀ ತೆಂಗಿನ ತೋಟ, ಸಮುದ್ರ. ಸಂಜೆ ಆದ್ರೆ ಟೈಂಪಾಸ್‌ಗೆ ಏನ್ ಮಾಡ್ತೀರಾ ಗುರೂ?" ಊಟದ ಬ್ರೇಕ್ ಮುಗಿದಿತ್ತು. ಅಲ್ಲಿ ನಕ್ಕು ಸುಮ್ಮನಾದೆ. ಈಗ ಬರೆಯುತ್ತಿದ್ದೇನೆ, ಪುರುಸೊತ್ತಿನಲ್ಲಿ ಓದು.

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಅಮ್ಮ ನನಗೆ ಬೈದದ್ದು ಕನ್ನಡದಲ್ಲಿ. ಒಂದನೇ ಕ್ಲಾಸಿನಿಂದ ಓದಿದ್ದು ಕನ್ನಡ ಮೀಡಿಯಂ ಶಾಲೆಯಲ್ಲಿ. 1956ರ ನವೆಂಬರ್ 1ರ ತನಕ ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಆ ದಿನ ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋಯಿತು, ನಾವು ಕೇರಳಕ್ಕೆ ಹೋದೆವು. 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗದ ವರದಿ ಬಂದು, ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಭಾಗ ಕರ್ನಾಟಕಕ್ಕೆ ಸೇರಬೇಕು ಅಂದಿತು. ಅಂದದ್ದು ಅಲ್ಲಿಗೇ ನಿಂತಿತು. ನೀನು ಶಾಲೆಯಲ್ಲಿ ಪದ್ಯ ಬಾಯಿಪಾಠ ಮಾಡಿದ ಗೋವಿಂದ ಪೈಗಳ ಮನೆ 'ಗಿಳಿವಿಂಡು' ನಮ್ಮ ಮಂಜೇಶ್ವರದಲ್ಲೇ ಉಂಟು. ಕವಿ ಕಯ್ಯಾರ ಕಿಞ್ಞಣ್ಣ ರೈಗಳದ್ದು ಬದಿಯಡ್ಕದ ಕಡೆ. ಯಕ್ಷಗಾನದ ಪಾರ್ತಿಸುಬ್ಬ ಕುಂಬಳೆಯವನು. ಇಷ್ಟು ಸಾಕು. ಇನ್ನೂ ಹೇಳಿದರೆ ಭಾಷಣವಾಗುತ್ತದೆ, ಅದಕ್ಕೆ ನವೆಂಬರ್ ತಿಂಗಳಲ್ಲಿ ಬೇರೆ ಜನ ಬರುತ್ತಾರೆ.

ಟೈಂಪಾಸ್ ವಿಷಯಕ್ಕೆ ಬರೋಣ.

ಸಂಜೆ ಮಂಗಳೂರಿನ ಆಫೀಸು ಬಿಟ್ಟು ನೇತ್ರಾವತಿ ಸೇತುವೆ, ತೊಕ್ಕೊಟ್ಟು, ಗಡಿಯ ತಲಪಾಡಿ ದಾಟಿದರೆ ನಮ್ಮ ಊರು. ಮಂಗಳೂರಲ್ಲಿ ನೀವೆಲ್ಲ ಗಡ್‌ಬಡ್ ಐಸ್‌ಕ್ರೀಮಿಗೆ ಹೋಗುವ ಹೊತ್ತಿಗೆ ನಾವು ಅವಿಲ್ ಮಿಲ್ಕ್ ಅಂಗಡಿಯಲ್ಲಿ ಇರುತ್ತೇವೆ. ನೀನು ತಿಂದಿಲ್ಲ ಅನ್ನಿಸುತ್ತದೆ. ಉದ್ದ ಗ್ಲಾಸಿನ ತಳಕ್ಕೆ ಸಣ್ಣ ಬಾಳೆಹಣ್ಣು ಹಾಕಿ ಚಮಚದಲ್ಲೇ ಜಜ್ಜುತ್ತಾರೆ. ಸಕ್ಕರೆ, ಮೇಲಿಂದ ಗಟ್ಟಿ ತಣ್ಣನೆಯ ಹಾಲು. ಆಮೇಲೆ ಗರಿಗರಿ ಹುರಿದ ಕೆಂಪು ಅವಲಕ್ಕಿ, ನೆಲಗಡಲೆ. ಕುಡಿಯುವುದೋ ತಿನ್ನುವುದೋ ಅಂತ ಯೋಚನೆ ಮಾಡುತ್ತ ಕೂತರೆ ಕೆಟ್ಟಿತು. ಅವಲಕ್ಕಿ ಹಾಲಿನಲ್ಲಿ ಮೆತ್ತಗಾಗುವ ಮೊದಲು ಮುಗಿಸಬೇಕು. ಮಾತಾಡಲು ಬಂದವರೂ ಆ ಐದು ನಿಮಿಷ ಮಾತಾಡುವುದಿಲ್ಲ.

ಬೆಳಿಗ್ಗೆ ಗೋಳಿಬಜೆ, ಬನ್ಸ್ ನಿಮ್ಮ ಹಾಗೆಯೇ. ಪುಟ್ಟು-ಕಡಲೆ ಉಂಟು, ನೀರುದೋಸೆಯೂ ಉಂಟು, ಒಂದೇ ಹೋಟೆಲಿನಲ್ಲಿ. ಮೀನು ತಿನ್ನುವವನಾದರೆ ಅರಿಕಡುಕ್ಕ ತಿನ್ನಲೇಬೇಕು. ಪಚ್ಚಿಲೆ ಅನ್ನುವ ಸಮುದ್ರದ ಚಿಪ್ಪುಮೀನಿನ ಚಿಪ್ಪಿನೊಳಗೆ ಅಕ್ಕಿ-ತೆಂಗಿನಕಾಯಿ ರುಬ್ಬಿದ್ದು ತುಂಬಿ, ಬೇಯಿಸಿ, ಚಿಪ್ಪು ತೆಗೆದು, ಖಾರ ಹಚ್ಚಿ ಹುರಿಯುತ್ತಾರೆ. ಇದು ಮಲಬಾರಿನದ್ದು ಅಂತ ನಾವು ಬಿಟ್ಟುಕೊಡುವುದಿಲ್ಲ. ತಿನ್ನುವ ವಿಷಯದಲ್ಲಿ ನಮಗೆ ಯಾವ ಆಯೋಗದ ವರದಿಯೂ ಬೇಕಾಗಿಲ್ಲ.

ರಾತ್ರಿ ಮೊಬೈಲ್ ಗೇಮ್. ನಾವು ನಾಲ್ಕು ಜನ ಬಿಜಿಎಂಐ ಅನ್ನುವ ಗುಂಡು ಹಾರಿಸುವ ಆಟ ಆಡುತ್ತೇವೆ. ಒಬ್ಬನ ಮನೆಮಾತು ಬ್ಯಾರಿ, ಒಬ್ಬನದ್ದು ತುಳು, ಮೂರನೆಯವನದ್ದು ಮಲಯಾಳ, ನನ್ನದು ಕನ್ನಡ. ಮೈಕ್ ಆನ್ ಇದ್ದರೆ ಹೊರಗಿನವರಿಗೆ ಹುಚ್ಚು ಹಿಡಿಯುತ್ತದೆ. "ಎದುರುಡ್ ರಡ್ಡ್ ಜನ ಉಲ್ಲೆರ್" (ಎದುರಿಗೆ ಇಬ್ಬರಿದ್ದಾರೆ) ಅಂತ ಒಬ್ಬ, "ಓಡಿಕ್ಕೋ" ಅಂತ ಇನ್ನೊಬ್ಬ, ನಾನು "ಬಿಡಬೇಡ, ಹೊಡಿ ಹೊಡಿ" ಅಂತ. ಸತ್ತ ಮೇಲೆ ಬೈಗಳು ಮಾತ್ರ ತುಳುವಿನಲ್ಲಿ. ಅದಕ್ಕೆ ಬೇರೆ ಭಾಷೆ ಸಾಕಾಗುವುದಿಲ್ಲ, ಇದರಲ್ಲಿ ನಾಲ್ವರಿಗೂ ಒಮ್ಮತ.

ಹೀಗೆ ನಮ್ಮಲ್ಲಿ ಭಾಷೆಯ ಜಗಳ ಅಂತ ಎಂತದ್ದೂ ಇಲ್ಲ ಮಾರಾಯ. ನಿತ್ಯದ ಜಗಳ ಬೇರೆ ಉಂಟು. ಯಾವ ಆ್ಯಪ್ ತೆರೆದರೂ, ಯಾವ ಫಾರ್ಮ್ ತುಂಬಿದರೂ ಶುರುವಿಗೇ ಒಂದು ಪಟ್ಟಿ ಬರುತ್ತದಲ್ಲ, 'ರಾಜ್ಯ ಆರಿಸಿ' ಅಂತ. ನೀನು ಅದನ್ನು ನೋಡದೆಯೇ ಒತ್ತುತ್ತೀ. ನನಗೆ ಅಲ್ಲಿಂದಲೇ ಮಂಡೆಬಿಸಿ. ಕೇರಳ ಅಂತ ಒತ್ತಿದ ಕೂಡಲೇ ನನಗೆ ಯಾವ ಭಾಷೆ ಬೇಕು, ಯಾವ ಸಿನಿಮಾ ಬೇಕು, ಯಾವ ಸುದ್ದಿ ಬೇಕು ಅಂತ ಅವರೇ ತೀರ್ಮಾನ ಮಾಡಿ ಆಗುತ್ತದೆ. ಕ್ರಿಕೆಟ್ ಹಾಕಿದರೆ ಕಾಮೆಂಟರಿ ಮಲಯಾಳದಲ್ಲಿ ಶುರು. ಆರ್‌ಸಿಬಿ ಮ್ಯಾಚನ್ನು ಕನ್ನಡದಲ್ಲಿ ಕೇಳಬೇಕಾದರೆ ಪ್ರತಿ ಸಲ ಸೆಟ್ಟಿಂಗ್ಸ್‌ಗೆ ಹೋಗಿ ಬದಲಾಯಿಸಬೇಕು. ಅಷ್ಟು ಹೊತ್ತಿಗೆ ಇಲ್ಲೊಂದು ವಿಕೆಟ್ ಬಿದ್ದಿರುತ್ತದೆ.

ಎಲ್ಲಕ್ಕಿಂತ ದೊಡ್ಡ ರಗಳೆ ಅಮ್ಮನ ಟಿವಿಯದ್ದು. ಅಮ್ಮನಿಗೆ ಸಂಜೆ ಕನ್ನಡ ಧಾರಾವಾಹಿ ಬೇಕು, ಅದರ ಮೇಲೆ ಮಾತಿಲ್ಲ. ನಮ್ಮದು ಡಿಶ್. ವಿಳಾಸ ಕೇರಳದ್ದು, ಹಾಗಾಗಿ ಬರುವುದು ಕೇರಳದ ಪ್ಯಾಕ್. ಅದರಲ್ಲಿ ಮಲಯಾಳ ಚಾನೆಲ್‌ಗಳು ರಾಶಿ ರಾಶಿ, ಕನ್ನಡದ್ದು ಹುಡುಕಬೇಕು. 2019ರಲ್ಲಿ 'ನಿಮಗೆ ಬೇಕಾದ ಚಾನೆಲ್ ಮಾತ್ರ ಆರಿಸಿ, ಅದಕ್ಕಷ್ಟೇ ದುಡ್ಡು ಕೊಡಿ' ಅಂತ ಹೊಸ ನಿಯಮ ಬಂದಾಗ ಖುಷಿಯಾಗಿತ್ತು. ಆರಿಸಲು ಕೂತೆ. ಒಂದೊಂದಾಗಿ ಕನ್ನಡ ಚಾನೆಲ್ ಸೇರಿಸುತ್ತ ಹೋದರೆ ಕರ್ನಾಟಕದವರು ಇಡೀ ಪ್ಯಾಕಿಗೆ ಕೊಡುವುದಕ್ಕಿಂತ ನನ್ನ ಬಿಲ್ಲು ಜಾಸ್ತಿ.

ಕಸ್ಟಮರ್ ಕೇರಿಗೆ ಫೋನ್ ಮಾಡಿದೆ. ಒಬ್ಬ ಹುಡುಗ ತುಂಬಾ ಮರ್ಯಾದೆಯಿಂದ ಹೇಳಿದ, "ಚೇಟ್ಟಾ, ಕೇರಳಾ ಪ್ಯಾಕಿಲ್ ಕನ್ನಡ ಇಲ್ಲ." ಹಾಗಾದರೆ ಕರ್ನಾಟಕದ ಪ್ಯಾಕ್ ಕೊಡಿ ಅಂದೆ. ಅದಕ್ಕೆ ಕರ್ನಾಟಕದ ವಿಳಾಸ ಬೇಕಂತೆ. ನಮ್ಮ ಮನೆ ತಾರಸಿಯಲ್ಲಿ ನಿಂತರೆ ಕರ್ನಾಟಕದ ತೆಂಗಿನಮರ ಕಾಣುತ್ತದೆ, ಅಷ್ಟು ಸಾಕಾ ಅಂತ ಕೇಳಬೇಕೆನ್ನಿಸಿತು. ಪಾಪ, ಅವನು ಯಾವ ಊರಲ್ಲಿ ಕೂತಿದ್ದಾನೋ ಏನೋ.

ಗಡಿಯಾಚೆ ಕರ್ನಾಟಕದ ದೇರಳಕಟ್ಟೆಯಲ್ಲಿ ಅಕ್ಕ-ಭಾವನ ಮನೆ ಉಂಟು. ಭಾವನಿಗೆ ಹೇಳಿದೆ. "ನನ್ನ ವಿಳಾಸ ಕೊಡು ಭಾವಾ, ಅದಕ್ಕೆಂತ ಕೇಳುವುದು" ಅಂದರು. ಹಳೆಯ ಕನೆಕ್ಷನ್ ಬಿಟ್ಟು ಹೊಸದು ತೆಗೆದುಕೊಂಡು, ಪೆಟ್ಟಿಗೆ ತಂದು ನಮ್ಮ ಮನೆಯಲ್ಲಿ ಜೋಡಿಸಿದ್ದಾಯಿತು. ಡಿಶ್‌ಗೆ ಗಡಿ ಗೊತ್ತಿಲ್ಲ, ಆಕಾಶ ನೋಡಿಕೊಂಡು ಕೂರುತ್ತದೆ. ಅಮ್ಮನಿಗೆ ಸಮಾಧಾನ. ಜೂನ್ ಬಂತು. ಗಾಳಿಮಳೆಗೆ ಡಿಶ್ ತಿರುಗಿ ಟಿವಿ ಪೂರ್ತಿ ಬಂದ್. ದೂರು ಕೊಟ್ಟೆ. ಮರುದಿನ ಮಧ್ಯಾಹ್ನ ಭಾವ ಫೋನ್ ಮಾಡಿದರು: "ಇಲ್ಲಿ ಒಬ್ಬ ಏಣಿ ಹಿಡಿದುಕೊಂಡು ಬಂದಿದ್ದಾನೆ. ನಮ್ಮ ಟಿವಿ ಸರಿಯೇ ಉಂಟಲ್ಲ?" ಅವನನ್ನು ಹೊಸಂಗಡಿಗೆ ಕಳಿಸಿ ಅಂದೆ. ಅವನು ಬರಲೊಲ್ಲ. ಅದು ಅವನ ಏರಿಯಾ ಅಲ್ಲ. ನಮ್ಮ ಏರಿಯಾದವನಿಗೆ ಹೇಳಿದರೆ, ಆ ಕನೆಕ್ಷನ್ ನಂಬರ್ ಅವನ ಲಿಸ್ಟಿನಲ್ಲಿ ಇಲ್ಲ. ಕೊನೆಗೆ ತಲಪಾಡಿಯಲ್ಲಿ ಟಿವಿ ರಿಪೇರಿ ಮಾಡುವ ಒಬ್ಬರು ರೇನ್‌ಕೋಟ್ ಹಾಕಿಕೊಂಡು ಬಂದು, ಡಿಶ್ ತಿರುಗಿಸಿ, ಚಾ ಕುಡಿದು, ಕೊಟ್ಟಷ್ಟು ತೆಗೆದುಕೊಂಡು ಹೋದರು. ಈಗಲೂ ಪ್ರತಿ ಮಳೆಗಾಲ ಹೀಗೆಯೇ. ಭಾವನ ಮನೆಗೆ ಏಣಿ ಹೋಗುತ್ತದೆ, ನಮ್ಮ ಮನೆಗೆ ತಲಪಾಡಿಯವರು ಬರುತ್ತಾರೆ.

ಮೊಬೈಲ್ ಟವರಿನ ಕತೆ ಹಳೆಯದು. ರೋಮಿಂಗಿಗೆ ದುಡ್ಡಿದ್ದ ಕಾಲದಲ್ಲಿ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಒಂದು ರಾಜ್ಯ, ಮಾಳಿಗೆಯಲ್ಲಿ ಇನ್ನೊಂದು. ಕೂತಲ್ಲಿಂದ ಎದ್ದರೆ ಕಾಸು ಕತ್ತರಿಸುತ್ತಿತ್ತು. ಅದು ಹೋಯಿತು, ಪುಣ್ಯ.

ಮಜಾ ಇರುವುದು ದುಡ್ಡಿನ ಆಟದ ವಿಷಯದಲ್ಲಿ. 2021ರ ಅಕ್ಟೋಬರ್‌ನಲ್ಲಿ ಕರ್ನಾಟಕದಲ್ಲಿ ದುಡ್ಡು ಹಾಕಿ ಆಡುವ ಆನ್‌ಲೈನ್ ಆಟಗಳಿಗೆ ನಿಷೇಧ ಬಂತು. ಕೇರಳದಲ್ಲಿ ಅದಕ್ಕೆ ಸ್ವಲ್ಪ ಮೊದಲಷ್ಟೇ ಹೈಕೋರ್ಟು ಆನ್‌ಲೈನ್ ರಮ್ಮಿಯ ನಿಷೇಧವನ್ನು ತೆಗೆದುಹಾಕಿತ್ತು. ಅದೇ ತಿಂಗಳು ಟಿ20 ವಿಶ್ವಕಪ್. ಆಗ ಗಡಿಯಲ್ಲಿ ಕೊರೋನಾ ತಪಾಸಣೆ ಬೇರೆ. ನಮ್ಮ ಆಫೀಸಿನ ಹುಡುಗರು ಸಂಜೆ ಓಡೋಡಿ ಬರುತ್ತಿದ್ದರು. ತಲಪಾಡಿ ದಾಟಿ ಬೈಕ್ ನಿಲ್ಲಿಸಿ, ಹೆಲ್ಮೆಟ್ ಕೂಡ ತೆಗೆಯದೆ, ಆ್ಯಪಿನಲ್ಲಿ ದುಡ್ಡು ಹಾಕಿ ಫ್ಯಾಂಟಸಿ ಕ್ರಿಕೆಟ್ ಟೀಮ್ ಕಟ್ಟುತ್ತಿದ್ದರು. ಫೋನಿನ ಲೊಕೇಶನ್ ಕೇರಳ ಅಂತ ತೋರಿಸಿದರೆ ಆ್ಯಪ್ ತೆರೆಯುತ್ತಿತ್ತು, ಹತ್ತು ಹೆಜ್ಜೆ ಹಿಂದೆ ಹೋದರೆ ಇಲ್ಲ. 2022ರ ಫೆಬ್ರವರಿಯಲ್ಲಿ ಕರ್ನಾಟಕ ಹೈಕೋರ್ಟು ಆ ಕಾನೂನಿನ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನೇ ಬಂದು ಎರಡೂ ಕಡೆಯವರ ಆಟ ನಿಂತಿತು. ನನ್ನನ್ನು ಕೇಳಿದರೆ ಒಳ್ಳೆಯದೇ ಆಯಿತು. ಸಂಬಳ ಬಂದ ವಾರದಲ್ಲೇ ಸಾಲ ಕೇಳುವವರು ಕಡಿಮೆಯಾದರು.

ಲಾಟರಿ ಮಾತ್ರ ಹಾಗೇ ಉಂಟು. ಕರ್ನಾಟಕದಲ್ಲಿ 2007ರಲ್ಲೇ ಬಂದ್. ಕೇರಳದಲ್ಲಿ 1967ರಿಂದ ಸರಕಾರವೇ ನಡೆಸುತ್ತಿದೆ. ಶುರುವಿಗೆ ಟಿಕೆಟಿಗೆ ಒಂದು ರೂಪಾಯಿ ಇತ್ತಂತೆ. 2024ರ ಓಣಂ ಬಂಪರಿನ 25 ಕೋಟಿ ಮಂಡ್ಯ ಕಡೆಯವರೊಬ್ಬರಿಗೆ ಹೊಡೆದ ಮೇಲೆ, ನನಗೆ ಕರ್ನಾಟಕದಲ್ಲಿ ಎಷ್ಟು ಜನ ಆಪ್ತಮಿತ್ರರಿದ್ದಾರೆ ಅಂತ ಗೊತ್ತಾಯಿತು. ಅದಕ್ಕೆ ಬದಲಾಗಿ ನಾವು ಪೆಟ್ರೋಲ್ ಹಾಕಿಸುವುದು ಕರ್ನಾಟಕದಲ್ಲಿ. ಲೀಟರಿಗೆ ಕೆಲವು ರೂಪಾಯಿ ಕಡಿಮೆ. ಗಡಿಯ ಪಂಪಿನಲ್ಲಿ ನಿಂತು ನೋಡು, ಕೆಎಲ್ 14 ಗಾಡಿಗಳದ್ದೇ ಸಾಲು.

ಕೆಲಸದ ವಿಷಯ ಹೇಳಿದರೆ ನಿನಗೆ ನಗು ಬರಬಹುದು. ನಾನು ಮಂಗಳೂರಲ್ಲಿ, ನನ್ನ ಹೆಂಡತಿ ಉಪ್ಪಳದ ಕಡೆ ಕನ್ನಡ ಶಾಲೆಯಲ್ಲಿ ಟೀಚರ್. ನವೆಂಬರ್ 1ಕ್ಕೆ ನನಗೆ ರಾಜ್ಯೋತ್ಸವದ ರಜೆ. ಅದೇ ದಿನ ಕೇರಳ ಪಿರವಿ, ಅಂದರೆ ಕೇರಳ ಹುಟ್ಟಿದ ದಿನ, ಆದರೆ ರಜೆ ಇಲ್ಲ, ಅವಳಿಗೆ ಶಾಲೆ. ಓಣಂಗೆ ಅವಳಿಗೆ ಹತ್ತಿರಹತ್ತಿರ ಹತ್ತು ದಿನ ರಜೆ, ನಾನು ಊಟದ ಡಬ್ಬಿ ಹಿಡಿದುಕೊಂಡು ಆಫೀಸಿಗೆ. ಜೋರು ಮಳೆಗೆ ಒಂದು ಜಿಲ್ಲೆಯಲ್ಲಿ ಕಲೆಕ್ಟರ್ ಶಾಲೆಗೆ ರಜೆ ಕೊಟ್ಟರೆ ಇನ್ನೊಂದು ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ಕೊಟ್ಟಿರುವುದಿಲ್ಲ. ಮಳೆ ಮಾತ್ರ ಒಂದೇ. ಆ ದಿನ ಬೆಳಿಗ್ಗೆ ವಾಟ್ಸಾಪ್ ನೋಡಬೇಕು ನೀನು. ಹೋದ ವರ್ಷದ ಆದೇಶವನ್ನೂ ಯಾರೋ ಪುಣ್ಯಾತ್ಮ ಕಳಿಸಿರುತ್ತಾನೆ, ಮಕ್ಕಳು ಅದನ್ನೇ ಹಿಡಿದುಕೊಂಡು ಹೊದ್ದು ಮಲಗಿರುತ್ತಾರೆ.

ನಗುವುದಕ್ಕೆ ಆಗದ್ದೂ ಒಂದು ಉಂಟು. 2020ರ ಮಾರ್ಚಿನಲ್ಲಿ, ಕೊರೋನಾ ಶುರುವಾದಾಗ, ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು. ನಮ್ಮವರಿಗೆ ದೊಡ್ಡ ಕಾಯಿಲೆ ಅಂದರೆ ಮಂಗಳೂರಿನ ಆಸ್ಪತ್ರೆ, ತಲೆತಲಾಂತರದಿಂದ ಹಾಗೆ. ಆಂಬುಲೆನ್ಸನ್ನೂ ಬಿಡಲಿಲ್ಲ. ಆ ದಿನಗಳಲ್ಲಿ ಸಮಯಕ್ಕೆ ಚಿಕಿತ್ಸೆ ಸಿಗದೆ ಜನ ಸತ್ತರು. ಹೈಕೋರ್ಟು, ಸುಪ್ರೀಂ ಕೋರ್ಟಿನ ತನಕ ಹೋಯಿತು. ಆಗ ಈ ಕಡೆಯವರು "ಅವರು ನಿಮ್ಮ ಕನ್ನಡದವರಲ್ವಾ?" ಅಂತ ಕೇಳಿದರು. ಆ ಕಡೆಯವರು "ನೀವು ಕೇರಳದವರಲ್ವಾ?" ಅಂದರು. ಎರಡಕ್ಕೂ ಎಂತ ಹೇಳುವುದು? ಅಪ್ಪನ ಶುಗರ್ ಮಾತ್ರೆ ಆ ವಾರ ಗೆಳೆಯನೊಬ್ಬ ಗುಡ್ಡದ ಒಳದಾರಿಯಲ್ಲಿ ತಂದುಕೊಟ್ಟ. ಅವನ ಮನೆಮಾತು ಮಲಯಾಳ.

ಹಾಗಾಗಿ "ಪಾಪ, ಅಲ್ಲಿ ಕಷ್ಟ ಅಲ್ವಾ, ಆದ್ರೂ ಕನ್ನಡ ಉಳಿಸಿಕೊಂಡಿದ್ದೀರಿ" ಅಂತ ಯಾರಾದರೂ ಹೇಳಿದರೆ ನನಗೆ ಒಳಗೇ ಕಿರಿಕಿರಿ. ಮಲಯಾಳದವರ ಜೊತೆ ಬದುಕುವುದು ಕಷ್ಟವಲ್ಲ. ನಾನು ಮಲಯಾಳ ಸಿನಿಮಾ ಮೊದಲ ದಿನವೇ ನೋಡುವವನು. ಕಷ್ಟ ಕೊಡುವುದು ಆ 'ರಾಜ್ಯ ಆರಿಸಿ' ಪಟ್ಟಿ. ಮನೆ ಒಂದು ಕಡೆ, ಮಾತು ಇನ್ನೊಂದು ಕಡೆ ಇರುವವರು ಇದ್ದಾರೆ ಅಂತ ಅದನ್ನು ಮಾಡಿದವರಿಗೆ ಹೊಳೆದೇ ಇಲ್ಲ. ನೀನು ಸಾಫ್ಟ್‌ವೇರಿನವನು. ರಾಜ್ಯ ಕೇಳಿದ ಮೇಲೆ ಭಾಷೆಯನ್ನು ಬೇರೆಯಾಗಿ ಕೇಳಲು ಎಷ್ಟು ಕೆಲಸ ಹಿಡಿಯುತ್ತದೆ, ನೀನೇ ಹೇಳು. ಮಹಾರಾಷ್ಟ್ರದ ಅಕ್ಕಲಕೋಟೆಯವರು, ತಮಿಳುನಾಡಿನ ತಾಳವಾಡಿಯವರು, ಆಂಧ್ರದ ಮಡಕಶಿರದವರು ಎಲ್ಲರೂ ಬಂದು ನಿನಗೆ ಚಾ ಕುಡಿಸುತ್ತಾರೆ.

ಮುಂದಿನ ತಿಂಗಳು ಬರುತ್ತೇನೆ ಅಂದಿದ್ದೆಯಲ್ಲ, ಬಾ. ಮಂಗಳೂರಿನಿಂದ ಕ್ಯಾಬ್ ಬುಕ್ ಮಾಡಬೇಡ, ಕೇರಳದ ಪರ್ಮಿಟ್ ಇಲ್ಲ ಅಂತ ತಲಪಾಡಿಯಲ್ಲೇ ಇಳಿಸಿ ಹೋಗುವವರು ಇದ್ದಾರೆ. ಬೆಂಗಳೂರಿನಿಂದ ನೇರ ಬರುವುದಾದರೆ ಕಣ್ಣೂರು ಎಕ್ಸ್‌ಪ್ರೆಸ್ ಹತ್ತು, ಬೆಳಿಗ್ಗೆ ಕಾಸರಗೋಡಿನಲ್ಲಿ ಇಳಿ. ನಾನು ಬೈಕ್ ತರುತ್ತೇನೆ. ಪಚ್ಚಿಲೆ ತಿನ್ನುತ್ತೀಯೋ ಇಲ್ಲವೋ ಅಂತ ಮೊದಲೇ ತಿಳಿಸು, ಅಮ್ಮನಿಗೆ ಹಿಂದಿನ ದಿನವೇ ಹೇಳಬೇಕು. ಮಳೆ ಶುರುವಾಗಿದ್ದರೆ ರೇನ್‌ಕೋಟ್ ತಾ. ಲಾಟರಿ ಬೇಕಿದ್ದರೆ ನೀನೇ ಅಂಗಡಿಯಲ್ಲಿ ನಿಂತು ತೆಗೆದುಕೋ, ನಾನು ತಂದುಕೊಡುವುದಿಲ್ಲ.