ತಾರಸಿ ಸೋರಿದರೆ ಹೊರಗಿನವರ ತಪ್ಪೆ?

"ಮಲ್ಲೇಶ್ವರ ಮೊದಲಿನಂತಿಲ್ಲ. ಹೊರಗಿನವರು ತುಂಬಿಕೊಂಡರು, ವಠಾರಗಳು ಹೋದವು. ನಮ್ಮ ಹಳೆಯ ಮನೆಯೂ ಸೋರುತ್ತಿದೆ, ಬಿಲ್ಡರಿಗೆ ಕೊಟ್ಟುಬಿಡೋಣ ಎನಿಸುತ್ತದೆ."
– ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: ಪತ್ರ ಸೊಗಸಾಗಿದೆ ಸ್ವಾಮಿ, ದೂರು ಮಾತ್ರ ವಿಳಾಸ ತಪ್ಪಿದೆ. ಮಲ್ಲೇಶ್ವರ ತುಂಬಿದ್ದೇ ಹೊರಗಿನವರಿಂದ. 1898ರ ಪ್ಲೇಗಿಗೆ ಹೆದರಿ ಪೇಟೆ ಬಿಟ್ಟವರು ಇಲ್ಲಿಗೂ ಬಸವನಗುಡಿಗೂ ಬಂದರು. ನಿವೇಶನಗಳನ್ನು ಜಾತಿವಾರು ಹಂಚಿದ್ದರು. ಮನೆಗಳ ಬೆನ್ನಿಗಿರುವ ಕನ್ಸರ್ವೆನ್ಸಿ ಓಣಿ ಮಲ ಹೊರುವವರು ಬಂದುಹೋಗಲು ಬಿಟ್ಟದ್ದು. ಆ 'ಮೊದಲು' ಮತ್ತೆ ಬೇಕೆ?

ಅಣ್ಣತಮ್ಮಂದಿರ ಪಾಲು, ಮಂಡಿನೋವಿಗೆ ಲಿಫ್ಟು: ಅಪಾರ್ಟ್‌ಮೆಂಟಿಗೂ ಕಾರಣಗಳಿವೆ, ಒಪ್ಪೋಣ. ಆದರೆ ಜಗಲಿ ಇದ್ದ ಕಡೆ ಕಾರು ನಿಂತರೆ ಬೀದಿಯಲ್ಲಿ ಹೋಗುವವರನ್ನು ಮಾತನಾಡಿಸುವವರು ಯಾರು?

ಇನ್ನು ಸೋರಿಕೆ. ನಿಮ್ಮದು ಮದ್ರಾಸ್ ತಾರಸಿ ಇರಬೇಕು: ತೊಲೆಗಳ ಮೇಲೆ ತೆಳು ಇಟ್ಟಿಗೆಯನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸಿ, ಮೇಲೆ ಇಟ್ಟಿಗೆಚೂರು–ಸುಣ್ಣ ಹಾಕಿ ಕೊಡತಿಯಿಂದ ಬಡಿದದ್ದು. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತ ಬಡಿಯುತ್ತಿದ್ದರು. ಇದರ ಮೇಲೆ ಯಾರೋ ಸಿಮೆಂಟು ಬಳಿದಿರುತ್ತಾರೆ. ಬಿಸಿಲಿಗೆ ತೊಲೆ, ಸುಣ್ಣ ಅಲುಗುತ್ತವೆ. ಸಿಮೆಂಟು ಬಗ್ಗದು, ಬಿರಿಯುತ್ತದೆ. ಇಳಿದ ನೀರು ಆರಲು ದಾರಿಯಿಲ್ಲದೆ ಗೋಡೆಯೊಳಗಿನ ತೊಲೆತುದಿ ಕೊಳೆಯುತ್ತದೆ.

ಮೊದಲು ಸಿಮೆಂಟನ್ನು ಮೆಲ್ಲಗೆ ಕೆತ್ತಿಸಿ. ಕೈಪಿಡಿಗೋಡೆಯ ಸಂದಿನಲ್ಲಿ ಅರಳಿ ಸಸಿಯಿದ್ದರೆ ಬೇರುಸಹಿತ ತೆಗೆಸಿ, ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ನೀರುದೋಣಿ ಕಟ್ಟಿಕೊಂಡಿದೆಯೇ ನೋಡಿ, ಅರ್ಧ ಸೋರಿಕೆ ಅಲ್ಲೇ. ಆಮೇಲೆ ತಾರಸಿಗೆ ಹೊಸ ಗಾರೆ: ನೆನೆಸಿಟ್ಟ ಸುಣ್ಣ ಒಂದು ಪಾಲು, ಮರಳು ಮತ್ತು ಸುರ್ಕಿ (ಇಟ್ಟಿಗೆಪುಡಿ) ಸೇರಿ ಎರಡು ಪಾಲು. ದೋಣಿಯ ಕಡೆಗೆ ಇಳಿಜಾರು ಕೊಟ್ಟು, ಗೋಡೆಮೂಲೆಯನ್ನು ದುಂಡಗೆ ತೀಡಿಸಿ. ಹತ್ತು ದಿನವಾದರೂ ಒದ್ದೆ ಗೋಣಿ ಹೊದೆಸಿಡಿ. ಗೋಡೆಗೆ ಸುಣ್ಣವೇ ಬಳಿಸಿ, ಪ್ಲಾಸ್ಟಿಕ್ ಪೇಂಟು ಬೇಡ.

ಮಾಡುವವರೆಲ್ಲಿ ಎನ್ನುತ್ತೀರಿ. ನಿಜ. ಇಂದಿಗೂ 'ಗಾರೆ ಕೆಲಸದವರು' ಎನ್ನುತ್ತೇವೆ, ಅವರ ಕೈಗೆ ನಾವು ಗಾರೆ ಕೊಟ್ಟು ಎಷ್ಟು ಕಾಲವಾಯಿತು! ಹಾರ್ಡ್‌ವೇರ್ ಅಂಗಡಿಯಲ್ಲಿ ಸೋರಿಕೆ ಎಂದರೆ ಡಬ್ಬದ ರಾಸಾಯನಿಕ ಕೈಗಿಡುತ್ತಾರೆ.

ಇವತ್ತೇ ಏಣಿ ಹತ್ತಿ ತೊಲೆಗಳ ತುದಿಗೆ ಮೊಳೆ ಚುಚ್ಚಿ ನೋಡಿ. ಬೆಣ್ಣೆಯಲ್ಲಿ ಇಳಿದಂತೆ ಇಳಿದರೆ ಆ ತೊಲೆಯಷ್ಟನ್ನು ಬದಲಿಸಿ. ಇಳಿಯದಿದ್ದರೆ ಬಿಲ್ಡರಿಗೆ ಫೋನು ಮಾಡಬೇಡಿ.